ಕನ್ನಡ ಮಾಧ್ಯಮದಲ್ಲಿ ಬಿಎ ಓದುತ್ತಿದ್ದೇನೆ. ರಾಜಕೀಯ, ಸಾರ್ವಜನಿಕ ನೀತಿಯಲ್ಲಿ ಇಂಟರ್ನ್‌ಶಿಪ್ ಎಲ್ಲಿಂದ ಶುರು ಮಾಡಲಿ?

ನೀವು ಬರೆದದ್ದನ್ನು ಎರಡು ಸಲ ಓದಿದೆ. ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಎರಡನೇ ವರ್ಷದ ಬಿಎ, ವಯಸ್ಸು 20. ರಾಜ್ಯಶಾಸ್ತ್ರ ಇಷ್ಟ. ಮನೆಯಲ್ಲಿ ರಾಜಕೀಯದವರು ಯಾರೂ ಇಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. 'ಬೆಂಗಳೂರಿನವರಿಗೆ, ಪರಿಚಯ ಇದ್ದವರಿಗೆ ಮಾತ್ರ ಇವೆಲ್ಲ ಸಿಗೋದು ಅಲ್ವಾ?' ಅಂತ ಕೊನೆಯಲ್ಲಿ ಕೇಳಿದ್ದೀರಿ.

ನಾನು ಗದಗ ಕಡೆಯವಳು. ನಿಮ್ಮ ಹಾಗೆಯೇ ಕನ್ನಡ ಮಾಧ್ಯಮದಲ್ಲಿ ಬಿಎ ಮಾಡಿದೆ. ಆಮೇಲೆ ಶಾಸಕರೊಬ್ಬರಿಗೆ ಮೂರು ಅಧಿವೇಶನಗಳ ಕಾಲ ಪ್ರಶ್ನೆ, ಟಿಪ್ಪಣಿ ಬರೆದುಕೊಟ್ಟೆ. ಈಗ ಬೆಂಗಳೂರಿನಲ್ಲಿ ಸರ್ಕಾರಿ ಯೋಜನೆಗಳನ್ನು ಅಧ್ಯಯನ ಮಾಡುವ ಕೆಲಸ. ಪರಿಚಯ ಇದ್ದರೆ ಬಾಗಿಲು ಬೇಗ ತೆರೆಯುತ್ತದೆ, ಅದು ನಿಜ. ಆದರೆ ಒಳಗೆ ಹೋದ ಮೇಲೆ ಬೇಕಾಗುವುದು ಒಂದೇ ವಿದ್ಯೆ: ಯಾರಿಗೆ, ಯಾವ ಪ್ರಶ್ನೆ, ಹೇಗೆ ಕೇಳಿದರೆ ಸರಿಯಾದ ಉತ್ತರ ಬರುತ್ತದೆ ಅನ್ನುವುದು. ಅದನ್ನು ನೀವು ಇರುವ ಊರಿನಲ್ಲೇ ಕಲಿಯಬಹುದು.

ಮೊದಲು ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು ಅಂತ ಕಾನೂನಿದೆ. ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಬೇಕು. ನೀವು ಮತದಾರರು, ಅಲ್ಲಿ ಕೂರುವುದು ನಿಮ್ಮ ಹಕ್ಕು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಈ ವರ್ಷದ ಕ್ರಿಯಾ ಯೋಜನೆ ಮತ್ತು ಹಿಂದಿನ ಸಭೆಯ ನಡಾವಳಿ ತೋರಿಸಿ ಅನ್ನಿ. ನಾನು ಮೊದಲ ಸಲ ಸಭೆಗೆ ಹೋದಾಗ ನಮ್ಮ ಓಣಿಯ ಹೆಂಗಸರು ನೀರಿನ ಬಗ್ಗೆ ಅರ್ಧ ಗಂಟೆ ಮಾತಾಡಿದ್ದರು. ನಡಾವಳಿ ಪುಸ್ತಕದಲ್ಲಿ ಅದು 'ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು' ಅಂತ ಒಂದೇ ಸಾಲು ಆಗಿತ್ತು. ಯಾವ ಓಣಿ, ಎಷ್ಟು ದಿನಕ್ಕೊಮ್ಮೆ ನೀರು, ಯಾವ ಮೋಟರ್ ಕೆಟ್ಟಿದೆ, ಯಾರು ಯಾವಾಗ ಸರಿ ಮಾಡುತ್ತೇವೆ ಅಂದರು, ಯಾವುದೂ ಇರಲಿಲ್ಲ. ಮುಂದಿನ ಸಭೆಗೆ ನೋಟ್‌ಬುಕ್ ಹಿಡಿದು ಹೋಗಿ ಎಲ್ಲವನ್ನೂ ಬರೆದುಕೊಂಡೆ. ನಡಾವಳಿಗೆ ಇದನ್ನೂ ಸೇರಿಸಿ ಅಂತ ಕೇಳಿದೆ. ಸೇರಿಸಿದರು. ನನ್ನ ಮೊದಲ ಇಂಟರ್ನ್‌ಶಿಪ್ ಅಂದರೆ ಅದೇ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಪಂಚಾಯಿತಿಯವರು ಕ್ರಿಯಾ ಯೋಜನೆ, ನಡಾವಳಿ ಕೊಡಲು ಹಿಂದೇಟು ಹಾಕಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಈ ಮಿತಿಯನ್ನು ಬಹಳ ಜನ ಬೈಯುತ್ತಾರೆ, ಬೈಯಲು ಕಾರಣವೂ ಇದೆ. ಆದರೆ ನನಗೆ ಚಿಕ್ಕದಾಗಿ, ಬಿಗಿಯಾಗಿ ಬರೆಯುವುದು ಬಂದದ್ದು ಆ 150 ಪದಗಳಿಂದಲೇ.

ಈಗ ಶಾಸಕರ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದ್ರೆ ಇದನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳುವುದಿಲ್ಲ. ವಿಧಾನಸಭೆಯಲ್ಲಿ 224 ಶಾಸಕರಿದ್ದಾರೆ, ಪರಿಷತ್ತಿನಲ್ಲಿ 75 ಸದಸ್ಯರು. ಅವರ ಆಪ್ತ ಸಹಾಯಕರ ದಿನವೆಲ್ಲ ಶಿಫಾರಸು ಪತ್ರ, ವರ್ಗಾವಣೆ, ಮದುವೆ ಕರೆಯೋಲೆಗಳಲ್ಲೇ ಹೋಗುತ್ತದೆ. ಅಧಿವೇಶನದಲ್ಲಿ ಕೇಳಬೇಕಾದ ಪ್ರಶ್ನೆಗೆ ಕೂತು ಓದುವವರು ಬಹಳ ಕಡಿಮೆ. ಆ ಜಾಗ ಖಾಲಿ ಇದೆ. ಅದಕ್ಕೆ ಜಾಹೀರಾತು ಬರುವುದಿಲ್ಲ, ನೀವೇ ಹೋಗಿ ಕೇಳಬೇಕು.

ನಮ್ಮ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬಗ್ಗೆ ಒಂದು ಪುಟ ಬರೆದುಕೊಂಡು ಹೋಗಿದ್ದೆ. ಮೂರನೇ ಸಲಕ್ಕೆ ಭೇಟಿ ಸಿಕ್ಕಿತು. ಶಾಸಕರು ಓದಿ, ಬೆಳಗಾವಿ ಅಧಿವೇಶನಕ್ಕೆ ಪ್ರಶ್ನೆ ಬರೆದು ಕೊಡಮ್ಮ ಅಂದರು. ವಿಧಾನಸಭೆಯ ಪ್ರಶ್ನೆಗಳಿಗೆ ಒಂದು ಧಾಟಿ ಇದೆ. (ಅ) ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು, ವಿವರ ನೀಡುವುದು. ನಾನು ಹಳೆಯ ಪ್ರಶ್ನೆಗಳನ್ನು ನೋಡಿ, ಗ್ರಾಮೀಣ ಭಾಗದಲ್ಲಿ ವೈದ್ಯರ, ನರ್ಸ್‌ಗಳ ಕೊರತೆ ಇರುವುದು ಗಮನಕ್ಕೆ ಬಂದಿದೆಯೇ ಅಂತ ಬರೆದೆ. ಉತ್ತರ ಬಂತು: ಬಂದಿದೆ, ಹಂತ ಹಂತವಾಗಿ ತುಂಬಲು ಕ್ರಮ ಕೈಗೊಳ್ಳಲಾಗುತ್ತಿದೆ. ಅಷ್ಟೆ. ನಾನು ಅಗಲವಾಗಿ ಕೇಳಿದ್ದೆ, ಅವರು ಅಗಲವಾಗಿ ಉತ್ತರಿಸಿದರು.

ಮುಂದಿನ ಸಲ ನಮ್ಮ ತಾಲ್ಲೂಕು ಒಂದನ್ನೇ ಹಿಡಿದೆ. ಕೇಂದ್ರವಾರು ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಎಷ್ಟು, ಯಾವಾಗಿನಿಂದ ಖಾಲಿ. ಈ ಸಲ ಅನುಬಂಧದಲ್ಲಿ ಪಟ್ಟಿಯೇ ಬಂತು. ಆದರೆ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಕೇಂದ್ರದಲ್ಲಿ ನರ್ಸ್ ಹುದ್ದೆ 'ಭರ್ತಿ' ಅಂತ ಇತ್ತು. ಅಲ್ಲಿ ತಿಂಗಳುಗಟ್ಟಲೆ ನರ್ಸ್ ಇರಲಿಲ್ಲ. ಹೋಗಿ ವಿಚಾರಿಸಿದರೆ ಅವರನ್ನು ನಿಯೋಜನೆ ಮೇಲೆ ಬೇರೆ ಕಡೆ ಕಳಿಸಿದ್ದರು. ಸಂಬಳದ ಲೆಕ್ಕದಲ್ಲಿ ಇಲ್ಲಿದ್ದಾರೆ, ಕೆಲಸ ಅಲ್ಲಿ. ಮೂರನೇ ಸಲ 'ನಿಯೋಜನೆ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರು ಎಷ್ಟು' ಅಂತ ಒಂದು ಕಾಲಂ ಸೇರಿಸಿ ಕೇಳಿದೆವು. ಉತ್ತರ ಸದನಕ್ಕೆ ಬರುವ ಮೊದಲೇ ನರ್ಸ್ ವಾಪಸ್ ಬಂದರು. ನಮ್ಮಮ್ಮ ಬಿಪಿ ಮಾತ್ರೆಗೆ ಹೋಗುತ್ತಿದ್ದದ್ದು ಅದೇ ಕೇಂದ್ರಕ್ಕೆ.

ಈ ಪ್ರಶ್ನೋತ್ತರಗಳು ವಿಧಾನಸಭೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಇವೆ. ನಿಮ್ಮ ಜಿಲ್ಲೆಯ ಇಪ್ಪತ್ತು ಉತ್ತರ ಇಳಿಸಿಕೊಂಡು ಓದಿ. ಯಾವ ಪ್ರಶ್ನೆಗೆ ಅನುಬಂಧ ಬಂತು, ಯಾವುದಕ್ಕೆ 'ಉದ್ಭವಿಸುವುದಿಲ್ಲ', ಅಂದರೆ ಆ ಪ್ರಶ್ನೆಯೇ ಏಳುವುದಿಲ್ಲ ಅಂತ ಬಂತು ನೋಡಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಎಷ್ಟೋ ಹುಡುಗ ಹುಡುಗಿಯರು ನನ್ನ ಜೊತೆ ಕೆಲಸ ಮಾಡುತ್ತಾರೆ, ತುಂಬಾ ಜಾಣರು. ಒಂದು ಸರ್ಕಾರಿ ಸುತ್ತೋಲೆ ಕೊಟ್ಟರೆ ಅರ್ಥ ಕೇಳಲು ನನ್ನ ಮೇಜಿಗೆ ಬರುತ್ತಾರೆ. ನಿಮ್ಮ ಕನ್ನಡ ಇಲ್ಲಿ ನಿಜವಾದ ಬಂಡವಾಳ.

ಇನ್ನು ಹೊರಗಿನ ಅವಕಾಶಗಳು. ಕೇಂದ್ರ ಸರ್ಕಾರಕ್ಕೆ ನೀತಿ ಸಲಹೆ ಕೊಡುವ ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ, ಪದವಿ ವಿದ್ಯಾರ್ಥಿಗಳಿಗೆ ಪಿಯುಸಿಯಲ್ಲಿ ಶೇ 85 ಅಂಕ ಕೇಳುತ್ತಾರೆ. ದೆಹಲಿಯ ಬಾಡಿಗೆ, ಊಟದ ಖರ್ಚು ಲೆಕ್ಕ ಹಾಕಿಯೇ ಯೋಚಿಸಿ. ಸಂಸತ್ತಿನ ಕೆಲಸ, ಮಸೂದೆಗಳ ಬಗ್ಗೆ ಅಧ್ಯಯನ ಮಾಡುವ ದೆಹಲಿಯ ಪಿಆರ್‌ಎಸ್ ಸಂಸ್ಥೆ 2010ರಿಂದ ನಡೆಸುತ್ತಿರುವ ಲ್ಯಾಂಪ್ ಫೆಲೋಶಿಪ್ ನನಗೆ ಹೆಚ್ಚು ಇಷ್ಟ. ಯಾವುದೇ ಪದವಿ ಆದರೂ ನಡೆಯುತ್ತದೆ, ವಯಸ್ಸು 25ರ ಒಳಗಿರಬೇಕು, ತಿಂಗಳಿಗೆ ಭತ್ಯೆ ಕೊಡುತ್ತಾರೆ. ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಒಬ್ಬ ಸಂಸದರ ಜೊತೆ ಕೆಲಸ. ಅರ್ಜಿಯ ಪ್ರಬಂಧ ಇಂಗ್ಲಿಷಿನಲ್ಲಿ ಇರುತ್ತದೆ, ಅದಕ್ಕೆ ಈಗಿನಿಂದ ದಿನಕ್ಕೆ ಅರ್ಧ ಪುಟ ಬರೆಯಿರಿ. ಹೆದರಬೇಡಿ, ಅವರಿಗೆ ಬೇಕಾದದ್ದು ಸ್ಪಷ್ಟ ಇಂಗ್ಲಿಷ್, ಚೆಂದದ ಇಂಗ್ಲಿಷ್ ಅಲ್ಲ. ಬೆಂಗಳೂರಿನಲ್ಲಿ ಆಡಳಿತದ ಬಗ್ಗೆ ಸಂಶೋಧನೆ ಮಾಡುವ, 1994ರಿಂದ ಇರುವ ಪಬ್ಲಿಕ್ ಅಫೇರ್ಸ್ ಸೆಂಟರ್, ನಗರಾಡಳಿತದ ಮೇಲೆ ಕೆಲಸ ಮಾಡುವ ಜನಾಗ್ರಹ, ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಇವೆ. ಮುಂದೆ ಓದುವ ಆಸೆ ಇದ್ದರೆ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಪಬ್ಲಿಕ್ ಪಾಲಿಸಿ ಸ್ನಾತಕೋತ್ತರ ಕೋರ್ಸ್ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಮನೆಯ ಆದಾಯ ನೋಡಿ ಶುಲ್ಕ ಕಡಿಮೆ ಮಾಡುತ್ತಾರೆ.

ಒಂದು ಎಚ್ಚರಿಕೆಯ ಮಾತು. ನಾನು ಮೊದಲು ಸೇರಿದ ಒಂದು ಕಡೆ ಮೂರು ತಿಂಗಳು ಸಂಬಳವಿಲ್ಲದೆ ನಾಯಕರ ಹುಟ್ಟುಹಬ್ಬದ ಪೋಸ್ಟರ್ ಹಂಚಿದೆ. ಕೊನೆಗೆ ಸರ್ಟಿಫಿಕೇಟ್ ಕೊಟ್ಟರು, 'ನೀತಿ ಸಂಶೋಧನೆ' ಅಂತ ಬರೆದು. ಅದು ನನಗೆ ಎಲ್ಲೂ ಉಪಯೋಗಕ್ಕೆ ಬರಲಿಲ್ಲ. ಸೇರುವ ಮೊದಲೇ ಕೇಳಿಬಿಡಿ: ನಾನು ಏನು ಬರೆಯುತ್ತೇನೆ, ಅದನ್ನು ಯಾರು ಓದುತ್ತಾರೆ? ಉತ್ತರ ತೇಲಿಸಿದರೆ ಬಿಟ್ಟುಬಿಡಿ.

ನಾಯಕತ್ವದ ಬಗ್ಗೆಯೂ ಕೇಳಿದ್ದೀರಿ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರದಲ್ಲಿ ಐವತ್ತು ಜನರಿಗೆ ಊಟ, ನೀರು, ಮಲಗುವ ಜಾಗ ಹೊಂದಿಸಿ ನೋಡಿ. ಹಾಸ್ಟೆಲಿನ ಮೆಸ್ ಲೆಕ್ಕ ವಹಿಸಿಕೊಳ್ಳಿ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಿ, ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ತಯಾರು ಮಾಡಿ. ವಿದ್ಯಾರ್ಥಿ ಸಂಘಟನೆ ಸೇರುವುದಾದರೆ ಸೇರಿ, ತಹಶೀಲ್ದಾರರಿಗೆ ಮನವಿ ಬರೆಯುವುದು, ಜನ ಸೇರಿಸುವುದು ಅಲ್ಲಿ ಚೆನ್ನಾಗಿ ಬರುತ್ತದೆ. ಸಂಘಟನೆ ಒಪ್ಪದ ಪ್ರಶ್ನೆಯನ್ನೂ ಕೇಳುವ ಧೈರ್ಯ ಮಾತ್ರ ಉಳಿಸಿಕೊಳ್ಳಿ. ಶಿವಮೊಗ್ಗ ಜಿಲ್ಲೆಯ ಕಾಗೋಡಿನ ರೈತ ಹೋರಾಟದಲ್ಲಿ ಗೇಣಿದಾರರ ಜೊತೆ ನಿಂತ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಬಂದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಗ್ರಾಮ ಪಂಚಾಯಿತಿಗೆ ನಿಲ್ಲಲು 21 ತುಂಬಿದರೆ ಸಾಕು. ನಿಮಗೆ ಇನ್ನೊಂದೇ ವರ್ಷ.

ಸಂಸ್ಥೆಗಳಿಗೆ ಮೇಲ್ ಕಳಿಸುವಾಗ ನಿಮ್ಮ ಬಗ್ಗೆ ನಾಲ್ಕು ಸಾಲು ಸಾಕು. ಜೊತೆಗೆ ನಿಮ್ಮ ಊರಿನ ಒಂದು ಸಮಸ್ಯೆಯ ಮೇಲೆ ಒಂದು ಪುಟ ಇರಲಿ, ಕನ್ನಡದಲ್ಲೇ ಇರಲಿ. ನನ್ನ ಕೈಗೂ ಪ್ರತಿ ವರ್ಷ ಇಂಥ ಅರ್ಜಿಗಳು ಬರುತ್ತವೆ. ಆ ಪುಟ ಇದ್ದ ಅರ್ಜಿಯನ್ನೇ ನಾನು ಮೊದಲು ತೆರೆಯುವುದು.