ಪನೋರಮಾದಲ್ಲಿ ಓಡುವ ಬಸ್ ಗಿಡ್ಡ ಬರುವುದು ಯಾಕೆ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ತೆಗೆದ ಪನೋರಮಾದಲ್ಲಿ ಒಂದು ಬಸ್ ಗಿಡ್ಡ, ಇನ್ನೊಂದು ಎಳೆದ ಹಾಗೆ ಉದ್ದ ಬಂದಿದೆ, ಶಟರ್ ಸ್ಪೀಡ್ ಜಾಸ್ತಿ ಮಾಡಿದರೆ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು ಚಿಕ್ಕದು ಮಾಡಿದರೆ, ಸರಿಹೋಗುತ್ತಾ ಅಂತ ಕೇಳಿದ್ದೀರಿ. ಇಲ್ಲ, ಅದರಿಂದ ಸರಿಹೋಗುವುದಿಲ್ಲ. ನಿಮ್ಮ ಫೋನೂ ಕೆಟ್ಟಿಲ್ಲ.

ಪನೋರಮಾ ಒಂದೇ ಕ್ಷಣದ ಚಿತ್ರ ಅಲ್ಲ. ನೀವು ತಿರುಗಿದಂತೆಲ್ಲ ಫೋನ್ ಒಂದೊಂದು ಪಟ್ಟಿ ಹಿಡಿದು ಪಕ್ಕಪಕ್ಕ ಜೋಡಿಸುತ್ತದೆ. ಎಡಗಡೆಯ ಅಂಗಡಿ ಮೊದಲಿನದು, ಬಲಗಡೆಯ ಮರ ಆಮೇಲಿನದು. ನಿಂತ ವಸ್ತುವಿಗೆ ಇದರಿಂದ ಏನೂ ಆಗುವುದಿಲ್ಲ. ನೀವು ತಿರುಗುವ ಕಡೆಗೇ ಬಸ್ಸೂ ಹೋದರೆ ಅದು ಹೆಚ್ಚು ಪಟ್ಟಿಗಳಲ್ಲಿ ಸಿಕ್ಕಿ ಉದ್ದವಾಗುತ್ತದೆ. ಎದುರು ದಿಕ್ಕಿಗೆ ಹೋದರೆ ಬೇಗ ದಾಟಿಹೋಗಿ ಗಿಡ್ಡವಾಗುತ್ತದೆ. ಶಟರ್ ಸ್ಪೀಡ್ ಹೆಚ್ಚಿಸಿದರೆ ಒಂದೊಂದು ಪಟ್ಟಿಯೊಳಗಿನ ಮಸುಕು ಕಡಿಮೆಯಾಗುತ್ತದೆ. ಪಟ್ಟಿ ಪಟ್ಟಿಗಳ ನಡುವಿನ ಸಮಯ ಹಾಗೇ ಉಳಿಯುತ್ತದೆ.

ಮಾಮೂಲಿ ಫೋಟೋದಲ್ಲೂ ಇದೇ ಕಥೆ, ಸ್ವಲ್ಪ ಸಣ್ಣದಾಗಿ. ಬೆಂಗಳೂರಿಗೆ ಹೋಗುವ ರೈಲಿನ ಕಿಟಕಿಯಿಂದ ಫೋನ್ ಅಡ್ಡ ಹಿಡಿದು ತೆಗೆದು ನೋಡಿ. ಹಳಿ ಪಕ್ಕದ ಕಂಬಗಳು ವಾಲಿರುತ್ತವೆ. ಫೋನಿನ ಸೆನ್ಸಾರ್, ಅಂದರೆ ಬೆಳಕು ಹಿಡಿಯುವ ಚಿಪ್, ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಂಬ ಸರಿದಿರುತ್ತದೆ. ಶಟರ್ ಸ್ಪೀಡ್ 1/4000 ಸೆಕೆಂಡ್ ಇಟ್ಟರೂ ಕಂಬದ ಅಂಚು ಚೂಪಾಗುತ್ತದೆ ಅಷ್ಟೇ, ವಾಲಿದ್ದು ವಾಲಿಯೇ ಇರುತ್ತದೆ. ಈಗ ಫೋನ್ ಉದ್ದುದ್ದ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಕಂಬ ನೇರವಾಗಿ ನಿಲ್ಲುತ್ತದೆ, ದಪ್ಪ ಮಾತ್ರ ಚೂರು ಹೆಚ್ಚು ಕಡಿಮೆ! ನನಗೆ ಇದನ್ನು ಎಷ್ಟು ಸಲ ನೋಡಿದರೂ ಸಾಲದು.

ನಿಜವಾದ ಸ್ಕ್ಯಾನಿಂಗ್ ಕ್ಯಾಮೆರಾದಲ್ಲಿ ತೊಂದರೆ ಇನ್ನೂ ಜಾಸ್ತಿ. ಕೆಂಪು, ಹಸಿರು, ನೀಲಿಗೆ ಒಂದೊಂದು ಸಾಲು ಸೆನ್ಸಾರ್ ಇದ್ದು, ಮೂರೂ ಒಟ್ಟಿಗೆ ನಿಧಾನಕ್ಕೆ ಸರಿಯುತ್ತವೆ. ಒಂದು ಚಿತ್ರಕ್ಕೆ ಕೆಲವು ನಿಮಿಷ ಹಿಡಿಯಬಹುದು. ಒಂದೇ ಜಾಗವನ್ನು ಮೂರು ಸಾಲುಗಳು ಬೇರೆ ಬೇರೆ ಹೊತ್ತಿನಲ್ಲಿ ನೋಡುವುದರಿಂದ, ಗಾಳಿಗೆ ಎಲೆ ಅಲುಗಿದರೆ ಅಂಚಿನಲ್ಲಿ ಬಣ್ಣ ಬಿಟ್ಟುಕೊಳ್ಳುತ್ತದೆ. ಹಳೆಯ ದಾಖಲೆ, ಚಿತ್ರಕಲೆಗೆ ಅದು ಬಹಳ ಒಳ್ಳೆಯ ಕ್ಯಾಮೆರಾ. ದೇವರಾಯನದುರ್ಗದ ಬಂಡೆಗೂ ಸರಿ. ಜಾತ್ರೆಗೆ ಬೇಡ.

ಓಟದ ಸ್ಪರ್ಧೆಯ ಫೋಟೋ ಫಿನಿಶ್ ಕ್ಯಾಮೆರಾ ಇದೇ ಗುಣವನ್ನು ಉಪಯೋಗಿಸಿಕೊಳ್ಳುತ್ತದೆ. ಅದು ಓಟ ಮುಗಿಯುವ ಗೆರೆಯೊಂದನ್ನೇ ನೋಡುತ್ತಾ, ಒಂದೊಂದು ಕ್ಷಣದ ಪಟ್ಟಿಯನ್ನು ಪಕ್ಕಪಕ್ಕ ಜೋಡಿಸುತ್ತದೆ. ಓಡುವವರು ಸ್ಪಷ್ಟ ಬರುತ್ತಾರೆ, ಗೆರೆಯ ಮೇಲೆ ಊರಿದ ಪಾದ ಮಾತ್ರ ಉದ್ದ ಎಳೆದುಕೊಳ್ಳುತ್ತದೆ.

ನಿಮ್ಮ ರಸ್ತೆಗೆ ಪನೋರಮಾ ಬೇಡ. ಬಿಡಿ ಬಿಡಿ ಫೋಟೋ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಜೋಡಿಸಿ. ಬಸ್ ಪೂರ್ತಿ ಒಂದೇ ಫೋಟೋದಲ್ಲಿರಲಿ, ಜೋಡಣೆ ಅದರ ಮೈಮೇಲೆ ಬೀಳದ ಹಾಗೆ ನೋಡಿಕೊಳ್ಳಿ.