ವಾರ್ಡ್ ನೋಡಿ, ಆಮೇಲೆ ಫೀಸು ಕಟ್ಟಿ

ಓದುಗರ ಪ್ರಶ್ನೆ – ಸಿಸ್ಟರ್ ಉತ್ತರ

(ಜಿಲ್ಲಾಸ್ಪತ್ರೆಯ ವಾರ್ಡಿನಲ್ಲೂ ನರ್ಸಿಂಗ್ ಕಾಲೇಜಿನಲ್ಲೂ ಕೆಲಸ ಮಾಡಿ ನಿವೃತ್ತರಾದ ನಮ್ಮ ಅಂಕಣಕಾರ್ತಿ ಈ ಸಲ ಆರೋಗ್ಯ ಕ್ಷೇತ್ರದ ಕೋರ್ಸುಗಳ ಬಗ್ಗೆ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮಗಳು ಪಿಯುಸಿ ಸೈನ್ಸ್ ಪಾಸಾಗಿದ್ದಾಳೆ. ನೀಟ್‌ನಲ್ಲಿ ಅಂಕ ಬರಲಿಲ್ಲ. ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ, "ರಾಜೀವ್ ಗಾಂಧಿ ಯೂನಿವರ್ಸಿಟಿ ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟಿದೆ, ಇವತ್ತೇ ಅಡ್ವಾನ್ಸ್ ಹಾಕಿ" ಅನ್ನುತ್ತಿದ್ದಾರೆ. ಸರ್ಕಾರಿ ಯೂನಿವರ್ಸಿಟಿ ಅಂದಮೇಲೆ ನಂಬಬಹುದು ಅಲ್ವಾ?
– ರೈತ ತಂದೆ, ಹಿರೇಕೆರೂರು

ಉತ್ತರ: ಮೊದಲು ಅಡ್ವಾನ್ಸ್ ಹಾಕಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಯಜಮಾನರೇ, ಯೂನಿವರ್ಸಿಟಿ ಸರ್ಕಾರದ್ದೇ. ಆದರೆ ಅದರಡಿ ಇರುವ ಕಾಲೇಜು ಸರ್ಕಾರದ್ದೇ ಆಗಿರಬೇಕಿಲ್ಲ. ಎಸ್ಸೆಸ್ಸೆಲ್ಸಿ ಬೋರ್ಡ್ ಸರ್ಕಾರದ್ದು ಅಂತ ಊರಿನ ಹೈಸ್ಕೂಲೆಲ್ಲ ಸರ್ಕಾರಿ ಆಗುತ್ತಾ? ಹಾಗೇ ಇದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಗಿದ್ದು 1996ರಲ್ಲಿ, ಕಚೇರಿ ಬೆಂಗಳೂರಿನ ಜಯನಗರದಲ್ಲಿ. ಅದಕ್ಕೂ ಮುಂಚೆ ಮೈಸೂರಿನ ಕಾಲೇಜು ಮೈಸೂರು ವಿಶ್ವವಿದ್ಯಾಲಯಕ್ಕೆ, ಹುಬ್ಬಳ್ಳಿಯದು ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಹೀಗೆ ಹಂಚಿಹೋಗಿದ್ದವು. ನನ್ನ ಪೋಸ್ಟ್ ಬೇಸಿಕ್ ಬಿಎಸ್ಸಿ (ಡಿಪ್ಲೊಮಾ ಮುಗಿಸಿದ ನರ್ಸ್‌ಗಳು ಓದುವ ಪದವಿ) ಸರ್ಟಿಫಿಕೇಟಿನ ಮೇಲೆ ಈಗಲೂ ಬೆಂಗಳೂರು ವಿಶ್ವವಿದ್ಯಾಲಯದ ಮುದ್ರೆಯೇ ಇದೆ. ಈಗ ಮೆಡಿಕಲ್, ಡೆಂಟಲ್, ಆಯುರ್ವೇದ, ಹೋಮಿಯೋಪಥಿ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಎಲ್ಲ ಒಂದೇ ಸೂರಿನಡಿ. ಸಿಲೆಬಸ್, ಪರೀಕ್ಷೆ, ಪದವಿ ಯೂನಿವರ್ಸಿಟಿಯದು. ಫೀಸು, ಹಾಸ್ಟೆಲು, ಪಾಠ ಹೇಳುವವರು, ವಾರ್ಡಿಗೆ ಕಳಿಸುವುದು ಕಾಲೇಜಿನದು. ನಿಮ್ಮ ಮಗಳ ಓದು ನಿಂತಿರುವುದು ಈ ಎರಡನೇ ಪಟ್ಟಿಯ ಮೇಲೆ.

ನಿಜವಾದ ಸರ್ಕಾರಿ ಕಾಲೇಜುಗಳೂ ಇವೆ. ಬೆಂಗಳೂರಿನ ಫೋರ್ಟ್‌ನಲ್ಲಿದೆ, ಹಾಸನದಲ್ಲಿದೆ. ಹುಬ್ಬಳ್ಳಿಯಲ್ಲೂ ಇದೆ. ಆ ಸೀಟು ಹಂಚುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಫೋನ್ ಮಾಡಿದ ಆ ಮಹಾಶಯರಲ್ಲ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟೂ ಅಲ್ಲಿಂದಲೇ ಬರಬೇಕು. ಮಗಳು ಸಿಇಟಿ ಬರೆದಿದ್ದರೆ ಕೆಇಎ ಪ್ರಕಟಣೆಗಳನ್ನು ದಿನಾ ನೋಡುತ್ತಿರಲಿ.

ಖಾಸಗಿ ಕಾಲೇಜೇ ಗತಿ ಅಂದರೆ ಒಂದು ದಿನ ಖರ್ಚು ಮಾಡಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಕಾಲೇಜಿನ ಆಫೀಸಿಗಲ್ಲ, ಅವರ ಆಸ್ಪತ್ರೆಗೆ. ಒಪಿಡಿಯಲ್ಲಿ ಚೀಟಿ ಹಿಡಿದ ಜನ ಇದ್ದಾರಾ? ವಾರ್ಡಿನ ಹಾಸಿಗೆ ಮೇಲೆ ಮಲಗಿದವರಿದ್ದಾರಾ, ಇಲ್ಲಾ ಮಡಿಕೆ ಬಿಚ್ಚದ ಬೆಡ್‌ಶೀಟ್ ಇದೆಯಾ? ಕಾಲೇಜಿನ ಸ್ವಂತ ಆಸ್ಪತ್ರೆಯಲ್ಲಿ 100 ಹಾಸಿಗೆ ಇರಬೇಕು ಅನ್ನುತ್ತದೆ ನರ್ಸಿಂಗ್ ಪರಿಷತ್ತು. ಹಾಸಿಗೆ ಎಣಿಸುವುದು ಸುಲಭ. ನೀವು ರೋಗಿಗಳನ್ನು ಎಣಿಸಿ. ಆಮೇಲೆ ಕ್ಯಾಂಟೀನಿನಲ್ಲಿ ಕೊನೆ ವರ್ಷದ ಹುಡುಗಿಯರು ಸಿಕ್ಕರೆ, "ಎಷ್ಟು ಹೆರಿಗೆ ನೀವೇ ಮಾಡಿಸಿದ್ದೀರಮ್ಮಾ?" ಅಂತ ಕೇಳಿ. ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಬಸ್ ಹತ್ತಿ ಬನ್ನಿ.

ಇನ್ನೊಂದು. ಯಾರಾದರೂ "ನಾನ್ ಅಟೆಂಡಿಂಗ್ ಕೂಡ ಆಗುತ್ತೆ" ಅಂದರೆ ಅಲ್ಲಿ ಕೂರಲೇಬೇಡಿ. ಕ್ಲಾಸಿಗೆ ಬರದೆ, ವಾರ್ಡಿಗೆ ಹೋಗದೆ, ಪರೀಕ್ಷೆಗೆ ಮಾತ್ರ ಬರುವ ವ್ಯವಸ್ಥೆ ಅದು. ನಿಯಮ ಏನಿದೆ ಗೊತ್ತಾ? ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕು. ಪದವಿ ಕೈಗೆ ಬರಬೇಕಾದರೆ ಪ್ರತಿ ವಾರ್ಡಿನಲ್ಲೂ ಪೂರ್ತಿ ಶೇ. 100.

ನಾನು ಸೂಪರ್‌ವೈಸರ್ ಆಗಿದ್ದಾಗ ಅಂಥ ಕಡೆ ಓದಿದ ಹುಡುಗಿಯೊಬ್ಬಳು ಕೆಲಸಕ್ಕೆ ಬಂದಳು. ಒಳ್ಳೆ ಮಾರ್ಕ್ಸ್ ಇತ್ತು. 500 ಎಂಎಲ್ ಡ್ರಿಪ್ ಬಾಟಲಿ 8 ಗಂಟೆಯಲ್ಲಿ ಹೋಗಬೇಕು, ಎಂಎಲ್‌ಗೆ 20 ಹನಿ ಬೀಳುವ ಸೆಟ್, ನಿಮಿಷಕ್ಕೆ ಎಷ್ಟು ಹನಿ ಅಂತ ಕೇಳಿದೆ. ಕಾಗದದ ಮೇಲೆ ಲೆಕ್ಕ ಹಾಕಿ 21 ಅಂದಳು. ಸರಿ. ಹಾಗಾದರೆ ಇಡಮ್ಮಾ ಅಂದೆ. ಡ್ರಿಪ್ಪಿನ ಚಕ್ರ ತಿರುಗಿಸಿ ನನ್ನ ಮುಖ ನೋಡಿದಳು. ಗಡಿಯಾರ ನೋಡಿ ಹನಿ ಎಣಿಸಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹಾಸಿಗೆಯಲ್ಲಿದ್ದ ಅಜ್ಜನಿಗೆ ಹಾರ್ಟ್ ಕಾಯಿಲೆ, ನೀರು ಬೇಗ ಹೋದರೆ ಉಸಿರು ಕಟ್ಟುತ್ತಿತ್ತು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾಲ್ಕು ವರ್ಷ ಫೀಸು ಕಟ್ಟಿದ ಅವಳ ಅಪ್ಪನೂ ನಿಮ್ಮ ಹಾಗೇ ಒಬ್ಬ ರೈತ.

ಪ್ರಶ್ನೆ: ನಾನು ಹುಡುಗ. ನರ್ಸಿಂಗ್ ಸೇರುತ್ತೇನೆ ಅಂದರೆ ಗೆಳೆಯರು ನಗುತ್ತಾರೆ. ಪಿಯುಸಿ ಆರ್ಟ್ಸ್ ಆಗಿದೆ, ಆಗುತ್ತಾ?
– ಓದುಗ, ಸಿಂಧನೂರು

ಉತ್ತರ: ನಗಲಿ ಬಿಡಪ್ಪ. ಅವರಪ್ಪ ಐಸಿಯುನಲ್ಲಿ ಮಲಗಿದ ದಿನ "ಬ್ರದರ್, ಬ್ರದರ್" ಅಂತ ನಿನ್ನ ಹಿಂದೆಯೇ ಓಡಾಡುತ್ತಾರೆ. ಬಿಎಸ್ಸಿಗೆ ಪಿಯುಸಿಯಲ್ಲಿ ಬಯಾಲಜಿ ಇರಲೇಬೇಕು, ಹಾಗಾಗಿ ನಿನಗೆ ನೇರ ದಾರಿ ಇಲ್ಲ. ಜಿಎನ್‌ಎಂ ಅನ್ನುವ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾಕ್ಕೆ ಆರ್ಟ್ಸ್‌ನವರೂ ಸೇರಬಹುದು. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ನಾನೂ ಆ ದಾರಿಯಲ್ಲೇ ಬಂದವಳು. ಒಂದು ಮಾತು ಮುಚ್ಚಿಡಲ್ಲ: ಏಮ್ಸ್‌ನ ನರ್ಸಿಂಗ್ ಆಫೀಸರ್ ಹುದ್ದೆಯಲ್ಲಿ ಶೇ. 80 ಹೆಂಗಸರಿಗೆ, ಗಂಡಸರಿಗೆ ಬರೀ 20. ಜಿಎನ್‌ಎಂ ಮಾತ್ರ ಆಗಿದ್ದರೆ ಎರಡು ವರ್ಷದ ಅನುಭವವನ್ನೂ ಕೇಳುತ್ತಾರೆ.

ಪ್ರಶ್ನೆ: ಮಗನಿಗೆ ಫಾರ್ಮ್ ಡಿ ಸೇರಿಸಿದರೆ ಹೆಸರಿನ ಮುಂದೆ ಡಾಕ್ಟರ್ ಅಂತ ಬರುತ್ತದಂತೆ. ಬಿ ಫಾರ್ಮ್‌ಗಿಂತ ಅದೇ ಒಳ್ಳೆಯದಲ್ವಾ?
– ಗೃಹಿಣಿ, ತಿಪಟೂರು

ಉತ್ತರ: ಬರೀ ಹೆಸರಿನ ಮುಂದಿನ ಆ ಅಕ್ಷರಕ್ಕೋಸ್ಕರ ಆದರೆ ಬೇಡ ತಾಯಿ. ಎರಡೂ ಫಾರ್ಮಸಿ ಕೋರ್ಸುಗಳೇ: ಬಿ ಫಾರ್ಮ್ ನಾಲ್ಕು ವರ್ಷ, ಫಾರ್ಮ್ ಡಿ ಆರು. ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಆಸ್ಪತ್ರೆಯಲ್ಲಿ ಡಾಕ್ಟರ ಜೊತೆ ರೌಂಡ್ಸ್‌ಗೆ ಹೋಗಿ ಯಾವ ಮಾತ್ರೆಗೆ ಯಾವ ಮಾತ್ರೆ ಆಗಿಬರಲ್ಲ ಅಂತ ನೋಡುವ ಕೆಲಸ ಅವನಿಗೆ ಇಷ್ಟವಾದರೆ ಸರಿ. ಮದುವೆ ಕಾರ್ಡಿನಲ್ಲಿ ಡಾಕ್ಟರ್ ಅಂತ ಹಾಕಿಸೋಕೆ ಎರಡು ವರ್ಷ ಜಾಸ್ತಿ ಫೀಸು ಯಾಕೆ?

ಪ್ರಶ್ನೆ: ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಡಿಪ್ಲೊಮಾ ಸಾಕಾ, ಬಿಎಸ್ಸಿ ಬೇಕಾ? ಸುಮ್ನೆ ರಕ್ತ ತೆಗೆದು ಮಷೀನಿಗೆ ಹಾಕುವುದು ತಾನೇ?
– ಓದುಗಿ, ಹಿರಿಯೂರು

ಉತ್ತರ: ಸುಮ್ನೆ ಅಲ್ಲಮ್ಮ. ಹಿಮೋಗ್ಲೋಬಿನ್‌ಗೆ ನೇರಳೆ ಮುಚ್ಚಳದ ಟ್ಯೂಬ್, ಸಕ್ಕರೆಗೆ ಬೂದು ಮುಚ್ಚಳದ್ದು. ಸಕ್ಕರೆಯ ರಕ್ತವನ್ನು ಬೇರೆ ಟ್ಯೂಬಿಗೆ ಹಾಕಿ ಮೂರು ಗಂಟೆ ಮೇಜಿನ ಮೇಲೆ ಬಿಟ್ಟರೆ ರಕ್ತದ ಕಣಗಳೇ ಸಕ್ಕರೆ ತಿಂದು ಮುಗಿಸುತ್ತಿರುತ್ತವೆ. ಬೂದು ಟ್ಯೂಬಿನಲ್ಲಿರುವ ಫ್ಲೋರೈಡ್ ಅದನ್ನು ತಡೆಯುತ್ತದೆ. ಇದು ಗೊತ್ತಿಲ್ಲದ ಕೈಯಲ್ಲಿ ಮಷೀನು ಎಷ್ಟು ದುಬಾರಿಯದಾದರೂ ಶುಗರ್ ಇದ್ದವರಿಗೆ ನಾರ್ಮಲ್ ರಿಪೋರ್ಟ್ ಹೋಗುತ್ತದೆ. ಬೇಗ ಸಂಬಳ ಬೇಕು, ಮನೆ ನಡೆಯಬೇಕು ಅಂದರೆ ಡಿಪ್ಲೊಮಾ ಮಾಡು, ತಪ್ಪಿಲ್ಲ. ಮುಂದೆ ಎಂಎಸ್ಸಿ ಓದುವ, ಪಾಠ ಹೇಳುವ ಆಸೆ ಇದ್ದರೆ ಬಿಎಸ್ಸಿ. ಯಾವುದಕ್ಕೆ ಸೇರಿದರೂ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡುವಾಗ ಸೀಲ್ ಹಾಕಿದ ರಸೀದಿ ಇಸ್ಕೊ. ನನ್ನ ಅಕ್ಕನ ಮಗಳು ಇಸ್ಕೊಂಡಿರಲಿಲ್ಲ. ಮಧ್ಯದಲ್ಲಿ ಕಾಲೇಜು ಬಿಟ್ಟಾಗ, "ಪೂರ್ತಿ ಫೀಸು ಕಟ್ಟಿ, ಆಮೇಲೆ ಹುಡುಕ್ತೀವಿ" ಅಂದರು.