ವ್ಯಾಕ್ಯೂಮ್ ಕ್ಲೀನರ್ ನಿಂತರೆ ಮೋಟಾರ್ ಸುಟ್ಟಿತೆಂದೇ ಅರ್ಥವೇ?

ಹಬ್ಬದ ಮುಂಚಿನ ಮನೆ ಸ್ವಚ್ಛತೆ ಮುಗಿಯುತ್ತಿದ್ದಂತೆ ವ್ಯಾಕ್ಯೂಮ್ ಕ್ಲೀನರ್ ಕುರಿತ ಪತ್ರಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ಮೂರನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಒಂಬತ್ತು ವರ್ಷ ಹಳೆಯ, 1200 ವಾಟ್‌ನ ಯಂತ್ರವಿದೆ. ಕೆಲವು ತಿಂಗಳಿಂದ ಅದು ಧೂಳನ್ನು ಸರಿಯಾಗಿ ಎಳೆಯುತ್ತಿಲ್ಲ. ಈಗಂತೂ ಹತ್ತು ನಿಮಿಷ ಓಡಿ, ಬಿಸಿಯಾಗಿ, ತಾನಾಗಿ ನಿಂತುಬಿಡುತ್ತದೆ. ಒಂದು ಗಂಟೆ ಬಿಟ್ಟು ಸ್ವಿಚ್ ಹಾಕಿದರೆ ಮತ್ತೆ ಓಡುತ್ತದೆ. ನೋಡಲು ಬಂದ ಮೆಕ್ಯಾನಿಕ್ ಯಂತ್ರವನ್ನು ಬಿಚ್ಚದೆಯೇ, ಮೋಟಾರ್ ಹೋಗಿದೆ, ಹೊಸ ಯಂತ್ರ ಕೊಳ್ಳುವುದೇ ಲೇಸು ಎಂದರು. ಇದು ನಿಜವೇ? (ಗೃಹಿಣಿ, ಹಾಸನ)

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಮೋಟಾರ್ ಸುಟ್ಟಿರುವಂತೆ ಕಾಣುವುದಿಲ್ಲ. ಸುಟ್ಟುಹೋದ ಮೋಟಾರು ಒಂದು ಗಂಟೆ ಸುಮ್ಮನಿದ್ದು ಮತ್ತೆ ಓಡುವುದಿಲ್ಲ. ಮನೆಬಳಕೆಯ ಸಾಮಾನ್ಯ ಯಂತ್ರದಲ್ಲಿ ಮೋಟಾರನ್ನು ತಂಪಾಗಿಡಲು ಬೇರೆ ಏರ್ಪಾಡಿಲ್ಲ. ಪೈಪಿನಿಂದ ಒಳಬಂದ ಗಾಳಿಯೇ ಚೀಲದಲ್ಲಿ ಧೂಳನ್ನು ಬಿಟ್ಟು, ಫಿಲ್ಟರನ್ನು ದಾಟಿ, ಮೋಟಾರಿನ ಮೂಲಕ ಹಾದು ಹಿಂಬದಿಯಿಂದ ಹೊರಹೋಗುತ್ತದೆ. ಈ ದಾರಿಯಲ್ಲಿ ಎಲ್ಲೇ ಅಡ್ಡಿಯಾದರೂ ಎರಡು ಸಂಗತಿಗಳು ಜೊತೆಯಾಗಿ ನಡೆಯುತ್ತವೆ: ಎಳೆತ ಕುಗ್ಗುತ್ತದೆ, ಮೋಟಾರು ಕಾಯುತ್ತದೆ. ಕಾವು ಮಿತಿ ಮೀರಿದಾಗ ಥರ್ಮಲ್ ಕಟ್‌ಔಟ್ ಎಂಬ ಪುಟ್ಟ ಸಾಧನ ವಿದ್ಯುತ್ತನ್ನು ತಡೆದು, ತಣಿದ ಮೇಲೆ ಪುನಃ ಕೂಡಿಸುತ್ತದೆ. ನಿಮ್ಮ ಯಂತ್ರ ನಿಲ್ಲುತ್ತಿರುವುದು ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ಎಂದೇ ನನ್ನ ಅನಿಸಿಕೆ.

ಇದನ್ನು ನೀವೇ ಪರೀಕ್ಷಿಸಬಹುದು. ಹೋಸ್ ಪೈಪನ್ನು ಪೂರ್ತಿಯಾಗಿ ಬಿಚ್ಚಿಟ್ಟು, ಯಂತ್ರವನ್ನು ಚಾಲೂ ಮಾಡಿ, ಪೈಪು ಸೇರುವ ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ಅಂಗೈಯನ್ನು ಬಲವಾಗಿ ಹೀರಿಕೊಂಡು, ಮೋಟಾರಿನ ಸದ್ದು ತುಸು ಏರಿದರೆ ಯಂತ್ರದ ಒಳಗೆ ತೊಂದರೆಯಿಲ್ಲ, ದೋಷ ಹೋಸಿನಲ್ಲೋ ಮುಂದಿನ ಕೊಳವೆಯಲ್ಲೋ ಇದೆ. ಅಲ್ಲಿಯೂ ಎಳೆತ ಕಡಿಮೆಯಿದ್ದರೆ ಚೀಲವನ್ನು ಮತ್ತು ಫಿಲ್ಟರನ್ನು ನೋಡಬೇಕು. ಕಳೆದ ದೀಪಾವಳಿಯ ಹೊತ್ತಿಗೆ ಇದೇ ರೀತಿ ‘ಮೋಟಾರ್ ಹೋಗಿದೆ’ ಎನಿಸಿಕೊಂಡ ಯಂತ್ರವೊಂದು ನನ್ನ ಬಳಿಗೆ ಬಂದಿತ್ತು. ಹಿಡಿಕೆಯ ಬಾಗಿನಲ್ಲಿ ತೆಂಗಿನ ಪೊರಕೆಯ ಒಂದು ಕಡ್ಡಿ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅದಕ್ಕೆ ಕೂದಲು ಸುತ್ತಿ, ಕೂದಲಿಗೆ ಹತ್ತಿಯ ಎಳೆಗಳು ಅಂಟಿ, ಹೆಬ್ಬೆರಳಿನಷ್ಟು ದಪ್ಪದ ಬಿರಡೆಯೇ ಆಗಿಹೋಗಿತ್ತು. ಅದನ್ನು ತೆಗೆದದ್ದೊಂದೇ ನಾನು ಮಾಡಿದ ರಿಪೇರಿ.

ಚೀಲದ ವಿಷಯದಲ್ಲಿ ಒಂದು ಎಚ್ಚರಿಕೆ. ರಂಗೋಲಿ ಪುಡಿ, ಸಿಮೆಂಟಿನ ಧೂಳು, ಬೂದಿ ಇವು ಎಷ್ಟು ನಯವೆಂದರೆ, ಚೀಲ ಕಾಲು ಭಾಗ ತುಂಬುವ ಮೊದಲೇ ಅದರ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ಚೀಲ ಖಾಲಿಯಿದೆಯಲ್ಲ ಎಂದು ಸುಮ್ಮನಾಗಬೇಡಿ. ಕಾಗದದ ಚೀಲವನ್ನು ಕೊಡವಿ ಮತ್ತೆ ಬಳಸುವುದರಿಂದ ಉಳಿತಾಯವಾಗುವುದಿಲ್ಲ. ಅದರ ಹಣವನ್ನು ಮುಂದೆ ಮೋಟಾರಿಗೆ ತೆರಬೇಕಾಗುತ್ತದೆ. ಸ್ಪಂಜಿನ ಫಿಲ್ಟರನ್ನು ತೊಳೆಯಬಹುದು, ಆದರೆ ನೆರಳಿನಲ್ಲಿ ಒಂದು ಇಡೀ ದಿನ ಒಣಗಿಸಿ, ಹಿಂಡಿದರೆ ತೇವ ತಾಕದಂತಾದ ಮೇಲೆಯೇ ಹಾಕಬೇಕು. ನೆರಿಗೆ ನೆರಿಗೆಯಾಗಿರುವ ಹೆಪಾ ಫಿಲ್ಟರನ್ನು, ತೊಳೆಯಬಹುದೆಂದು ಅದರ ಮೇಲೆಯೇ ಬರೆದಿರದಿದ್ದರೆ, ನೀರಿಗೆ ಹಾಕಬೇಡಿ. ಮುಚ್ಚಳದ ಸುತ್ತಲಿನ ರಬ್ಬರ್ ವಾಶರ್ ಗಡುಸಾಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಿ. ಹೋಸು ಸಾಮಾನ್ಯವಾಗಿ ಸೀಳುವುದು ತುದಿಯ ಹತ್ತಿರ. ಸೀಳಿದ ಗೇಣುದ್ದವನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ತುದಿಯಲ್ಲಿದ್ದ ಅದೇ ಜೋಡಣೆಯ ತುಂಡಿಗೆ ತಿರುಗಿಸಿ ಕೂರಿಸುವ ಅನುಕೂಲ ಅನೇಕ ಮಾದರಿಗಳಲ್ಲಿದೆ. ಬಿಡಿಭಾಗ ಕೊಳ್ಳಲು ಹೋಗುವಾಗ ಯಂತ್ರದ ತಳದಲ್ಲಿರುವ ಮಾದರಿ ಸಂಖ್ಯೆಯ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ.

ಇಷ್ಟೆಲ್ಲ ಮಾಡಿದ ಮೇಲೂ ನಿಲ್ಲುವುದು ತಪ್ಪದಿದ್ದರೆ ಮಾತ್ರ ಬೇರಿಂಗನ್ನೂ ಕಟ್‌ಔಟನ್ನೂ ಪರೀಕ್ಷಿಸಬೇಕಾಗುತ್ತದೆ. ಕಟ್‌ಔಟನ್ನು ತೆಗೆದು ಅದರ ಜಾಗದಲ್ಲಿ ವಯರಿನ ತುಂಡೊಂದನ್ನು ಜೋಡಿಸಿ ‘ಸರಿಮಾಡಿ’ ಕೊಡುವವರಿದ್ದಾರೆ. ಅದಕ್ಕೆ ದಯವಿಟ್ಟು ಒಪ್ಪಬೇಡಿ, ಅದು ಮನೆಗೆ ಬೆಂಕಿಯನ್ನು ಕರೆದಂತೆ.

ಪ್ರಶ್ನೆ: ನನ್ನ ಯಂತ್ರ ಒಮ್ಮೊಮ್ಮೆ ಚಾಲೂ ಆಗುವುದಿಲ್ಲ, ಮೇಲೊಂದು ಏಟು ಕೊಟ್ಟರೆ ಓಡುತ್ತದೆ. ಹಿಂದಿನ ಕಿಂಡಿಗಳಲ್ಲಿ ಕಿಡಿ ಕಾಣುತ್ತದೆ, ಸುಟ್ಟ ವಾಸನೆಯೂ ಇದೆ. ನನ್ನ ಬಳಿ ಮಲ್ಟಿಮೀಟರ್ ಇದೆ, ಮಿಕ್ಸಿ ಬಿಚ್ಚಿ ಜೋಡಿಸಿದ ಅನುಭವವೂ ಇದೆ. ನಾನೇ ಸರಿಪಡಿಸಬಹುದೇ? (ಓದುಗ, ಹುಬ್ಬಳ್ಳಿ)

ಉತ್ತರ: ಮಿಕ್ಸಿ ಬಿಚ್ಚಿದ್ದೀರಿ ಎಂದರೆ ಅರ್ಧ ಕೆಲಸ ಗೊತ್ತಿದ್ದಂತೆಯೇ, ಏಕೆಂದರೆ ಎರಡರಲ್ಲಿಯೂ ಇರುವುದು ಒಂದೇ ಜಾತಿಯ ಮೋಟಾರು. ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ಮೋಟಾರನ್ನು ಅನುಮಾನಿಸುವ ಮುನ್ನ ವಯರನ್ನು ನೋಡಿ. ಪ್ಲಗ್ಗಿನ ಬುಡದಲ್ಲಿಯೂ ವಯರು ಯಂತ್ರದೊಳಗೆ ಹೋಗುವ ಜಾಗದಲ್ಲಿಯೂ ಮಡಚಿ ಮಡಚಿ, ಹೊರಗಿನ ರಬ್ಬರು ಚೆನ್ನಾಗಿದ್ದರೂ ಒಳಗಿನ ತಾಮ್ರ ತುಂಡಾಗಿರುತ್ತದೆ. ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ವಯರು ಕಡಿಯದೆ ಇದ್ದರೆ ಬೀಪ್ ಎನ್ನುವ ಸ್ಥಾನಕ್ಕೆ) ಇಟ್ಟು, ವಯರಿನ ಎರಡೂ ತುದಿಗಳಿಗೆ ಮುಟ್ಟಿಸಿ, ಇನ್ನೊಬ್ಬರಿಂದ ವಯರನ್ನು ಗೇಣು ಗೇಣಾಗಿ ಬಾಗಿಸುತ್ತ ಬನ್ನಿ. ಬೀಪ್ ಸದ್ದು ತುಂಡಾದ ಕಡೆ ವಯರೂ ತುಂಡಾಗಿದೆ. ಸ್ವಿಚ್ಚನ್ನೂ ಹೀಗೆಯೇ ನೋಡಿ.

ವಯರು, ಸ್ವಿಚ್ಚು ಎರಡೂ ಸರಿಯಿದ್ದರೆ, ಏಟಿಗೆ ಓಡುವ ಯಂತ್ರದಲ್ಲಿ ಬಹುಪಾಲು ಸವೆದಿರುವುದು ಕಾರ್ಬನ್ ಬ್ರಶ್. ಮೋಟಾರಿನ ಎರಡು ಪಕ್ಕಗಳಲ್ಲಿ, ಹಿತ್ತಾಳೆಯ ಗೂಡಿನಲ್ಲಿ, ಸ್ಪ್ರಿಂಗಿನ ಒತ್ತಡದಲ್ಲಿ ಕುಳಿತಿರುವ ಈ ಎರಡು ಕಪ್ಪು ಕಡ್ಡಿಗಳು ಕಮ್ಯುಟೇಟರ್ ಎಂಬ, ತಾಮ್ರದ ಪಟ್ಟಿಗಳಿಂದಾದ ತಿರುಗುವ ಉರುಳೆಗೆ ಉಜ್ಜುತ್ತ ವಿದ್ಯುತ್ತನ್ನು ದಾಟಿಸುತ್ತವೆ. ನಿಮಿಷಕ್ಕೆ 20,000 ಸುತ್ತುಗಳಿಗೂ ಮೀರಿ ತಿರುಗುವ ಮೋಟಾರಿನಲ್ಲಿ ಅವು ಸವೆಯುವುದು ಸಹಜ. ಸವೆದು ಗಿಡ್ಡವಾದಾಗ ಸ್ಪ್ರಿಂಗಿನ ಒತ್ತಡ ಸಾಲದಾಗುತ್ತದೆ. ಏಟು ಬಿದ್ದಾಗ ಕಡ್ಡಿ ಅಲುಗಿ ಮುಟ್ಟುತ್ತದೆ, ಯಂತ್ರ ಓಡುತ್ತದೆ. ಹೊಸದರ ಮೂರನೆಯ ಒಂದು ಭಾಗಕ್ಕಿಂತ ಗಿಡ್ಡವಾಗಿದ್ದರೆ ಬದಲಿಸಿ, ಒಂದೇ ಸವೆದಂತೆ ಕಂಡರೂ ಜೊತೆಯಾಗಿಯೇ ಬದಲಿಸಿ. ಹಳೆಯದನ್ನು ಅಂಗಡಿಗೆ ಒಯ್ದು ಅಗಲ, ದಪ್ಪ ಎರಡನ್ನೂ ಹೋಲಿಸಿ ನೋಡಬೇಕು. ಹೊಸ ಕಡ್ಡಿ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಅಲುಗಾಡಬಾರದು. ನಿಮ್ಮ ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು.

ಕಡ್ಡಿಗಳನ್ನು ತೆಗೆದಾಗ ಕಮ್ಯುಟೇಟರನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಒಂದೇ ಸಮನಾದ ಕಂದು ಬಣ್ಣವಿದ್ದರೆ ಅದು ಆರೋಗ್ಯದ ಗುರುತು, ಅದನ್ನು ಉಜ್ಜಿ ಹೊಳಪು ತರಬೇಡಿ. ಕರಿ ಕಟ್ಟಿದ್ದರೆ ನಯವಾದ ಮರಳು ಕಾಗದದಿಂದ ಹಗುರವಾಗಿ ಒರೆಸಿ. ಎಮರಿ ಕಾಗದ ಬೇಡ, ಅದರ ಕಣಗಳು ತಾಮ್ರದ ಪಟ್ಟಿಗಳ ಸಂದಿಯಲ್ಲಿ ಕುಳಿತು ಶಾರ್ಟ್ ಮಾಡಬಲ್ಲವು. ಹೊಸ ಕಾರ್ಬನ್ ಹಾಕಿದ ಮೇಲೆ ಕೆಲವು ನಿಮಿಷ ಹೋಸಿಲ್ಲದೆ ಓಡಿಸಿ. ಮೊದಮೊದಲು ಕಡ್ಡಿಯ ತುದಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಗಾಬರಿಯಾಗಬೇಕಿಲ್ಲ. ಕಮ್ಯುಟೇಟರಿನ ಸುತ್ತಲೂ ಬೆಂಕಿಯ ಬಳೆ ತೊಡಿಸಿದಂತೆ ಕಂಡರೆ, ಅಥವಾ ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಕುಳಿಬಿದ್ದಿದ್ದರೆ, ಆರ್ಮೇಚರ್, ಅಂದರೆ ಮೋಟಾರಿನ ತಿರುಗುವ ಭಾಗ, ಕೆಟ್ಟಿದೆ. ಆಗ ಮೋಟಾರನ್ನೇ ಬದಲಿಸುವುದು ಸರಿ. ಹೊಸ ಮೋಟಾರು ತರುವಾಗ ವಾಟ್ ಒಂದನ್ನೇ ಹೇಳಿದರೆ ಸಾಲದು, ವ್ಯಾಸವನ್ನೂ ಎತ್ತರವನ್ನೂ ಅಳೆದು ಬರೆದುಕೊಳ್ಳಿ. ನೀರನ್ನೂ ಎಳೆಯುವ ಯಂತ್ರವಾದರೆ ಅದಕ್ಕೆ, ತಂಪು ಗಾಳಿಗೆ ಪ್ರತ್ಯೇಕ ದಾರಿಯಿರುವ ಬೈಪಾಸ್ ಮೋಟಾರೇ ಬೇಕು. ಸಾಮಾನ್ಯ ಮೋಟಾರನ್ನು ಹಾಕಿದರೆ ಎಳೆದ ತೇವವೆಲ್ಲ ವೈಂಡಿಂಗಿನ, ಅಂದರೆ ಮೋಟಾರಿನ ತಂತಿ ಸುರುಳಿಯ, ಮೇಲೆಯೇ ಹಾಯುತ್ತದೆ.

ಪ್ರಶ್ನೆ: ಬರಿಗಾಲಿನಲ್ಲಿ ನಿಂತು ಬಳಸುವಾಗ ಯಂತ್ರದ ಲೋಹದ ಡ್ರಮ್ಮು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಏನೂ ಆಗುವುದಿಲ್ಲ. ಹಾಗೆಯೇ ಬಳಸಬಹುದೇ? (ಓದುಗರು, ಪುತ್ತೂರು)

ಉತ್ತರ: ಖಂಡಿತ ಬೇಡ. ಚಪ್ಪಲಿಯಿಂದ ದೋಷ ಹೋಗಿಲ್ಲ, ನಿಮಗೆ ತಿಳಿಯುವುದಷ್ಟೇ ನಿಂತಿದೆ. ಒಳಗೆ ಎಲ್ಲಿಯೋ ಇನ್ಸುಲೇಶನ್ (ವಿದ್ಯುತ್ ಸೋರದಂತೆ ತಡೆಯುವ ಹೊದಿಕೆ) ಕೆಟ್ಟು ಅಥವಾ ಒದ್ದೆಯಾಗಿ ಯಂತ್ರದ ಲೋಹದ ಮೈಗೆ ವಿದ್ಯುತ್ ಸೋರುತ್ತಿದೆ, ಜೊತೆಗೆ ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ತ್ ವಯರೂ ಎಲ್ಲಿಯೋ ಕಡಿದಿದೆ. ಎಲೆಕ್ಟ್ರಿಷಿಯನ್ನರಿಂದ ಮನೆಯ ಪ್ಲಗ್ ಪಾಯಿಂಟಿನ ಅರ್ತಿಂಗನ್ನು ಪರೀಕ್ಷೆ ಮಾಡಿಸಿ; ಪ್ಲಗ್ಗಿನ ದಪ್ಪ ಪಿನ್ನಿಗೂ ಡ್ರಮ್ಮಿಗೂ ನಡುವೆ ಸಂಪರ್ಕ ಇದೆಯೇ ಎಂಬುದನ್ನೂ, ಮೋಟಾರಿನ ಇನ್ಸುಲೇಶನ್ನನ್ನೂ, ಅದನ್ನು ಅಳೆಯುವ ಮೆಗರ್ ಎಂಬ ಸಾಧನದಿಂದ, ನೋಡಲು ಹೇಳಿ. ಅಲ್ಲಿಯವರೆಗೆ ಆ ಪ್ಲಗ್ಗನ್ನು ಗೋಡೆಗೆ ಹಾಕಬೇಡಿ, ಮನೆಯಲ್ಲಿ ಬೇರೆ ಯಾರೂ ಹಾಕದಂತೆ ಅದಕ್ಕೊಂದು ಚೀಟಿ ಕಟ್ಟಿಡಿ.